ಹಾಲಿವುಡ್ ನೋಡಿ ಹೆದರಿದ ತಮ್ಮನಿಗೆ

ತಮ್ಮಾ, ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಬರ್ತಿದ್ದೀಯ, ಸಂತೋಷ. "ಇಂಗ್ಲಿಷ್ ಸಿನಿಮಾಗಳಲ್ಲಿ ನಮ್ಮಂಥ ಗಂಡಸರು ಒಂದೋ ಕಂಪ್ಯೂಟರ್ ಹುಳ, ಇಲ್ಲ ಹುಡುಗಿ ಕಂಡರೆ ತೊದಲೋನು. ನನ್ನನ್ನೂ ಹಾಗೇ ನೋಡ್ತಾರಾ ಅಣ್ಣ? ಆಕ್ಸೆಂಟ್ ಬದಲಾಯಿಸ್ಕೊಂಡೇ ಬರಲಾ?" ಅಂತ ಕೇಳಿದ್ದೀಯ.

ಕೆಲವರು ನೋಡ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಹಾಗೆ ನೋಡೋರಲ್ಲಿ ಹೆಚ್ಚಿನವರಿಗೆ ನಮ್ಮ ಮೇಲೆ ದ್ವೇಷ ಇರಲ್ಲ. ಅವರು ಕಂಡ ಮೊದಲ ಇಂಡಿಯನ್ ಪರದೆ ಮೇಲಿನವನು, ಅಷ್ಟೇ. ಅವನಾದರೂ ನಿಜವಾದ ಇಂಡಿಯನ್ನಾ? 1986ರ ‘ಶಾರ್ಟ್ ಸರ್ಕ್ಯೂಟ್’ನಲ್ಲಿ ಭಾರತೀಯ ಎಂಜಿನಿಯರ್ ಆಗಿದ್ದು ಫಿಷರ್ ಸ್ಟೀವನ್ಸ್, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಬಿಳಿಯ!

ನಿಜವಾದ ಇಂಡಿಯನ್ ಸಿಕ್ಕಾಗ ಏನು ಮಾಡಿದರು ಅನ್ನೋದು ಇನ್ನೂ ದೊಡ್ಡ ಕಥೆ. ಅವನು ನಮ್ಮ ಕಡೆಯವನೇ. ಕಬಿನಿ ಹತ್ತಿರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಾವುತನ ಮಗ. 1937ರ ಬ್ರಿಟಿಷ್ ಸಿನಿಮಾ ‘ಎಲಿಫೆಂಟ್ ಬಾಯ್’ ಅವನನ್ನು ಸ್ಟಾರ್ ಮಾಡಿತು, ಆಮೇಲೆ ಹಾಲಿವುಡ್, 1942ರಲ್ಲಿ ‘ಜಂಗಲ್ ಬುಕ್’. 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧದಲ್ಲಿ ಬಾಂಬರ್ ವಿಮಾನದ ಹಿಂತುದಿಯಲ್ಲಿ ಕೂತು ಗನ್ ಹಿಡಿದ, ಪದಕವನ್ನೂ ಗಳಿಸಿದ. ಅಂಥವನು ವಾಪಸ್ ಬಂದರೆ ಹಾಲಿವುಡ್ ಮತ್ತೆ ಕೊಟ್ಟಿದ್ದು ಅದೇ ಕಾಡು, ಅದೇ ಪೇಟ. ಮದುವೆಯಾಗಿ ಮಕ್ಕಳಾದರೂ ಪರದೆ ಮೇಲೆ ಮಾತ್ರ ಹುಡುಗ. 39ಕ್ಕೇ ತೀರಿಕೊಂಡ.

ನನಗೆ ಕಾಣೋ ರೋಗ ಇದೇ. ಏಷ್ಯಾದ ಗಂಡಸಿಗೆ ಬುದ್ಧಿ ಕೊಡ್ತಾರೆ, ಕುಂಗ್‌ಫೂ ಕೊಡ್ತಾರೆ, ಸಂಸಾರ ಕೊಡಲ್ಲ. ಮೊದಲಿಂದ ಹೀಗಿರಲಿಲ್ಲ ಅನ್ನೋದು ಸೋಜಿಗ. ಜಪಾನಿನ ಸೆಸ್ಸು ಹಯಕಾವಾ 1915ರ ಹೊತ್ತಿಗೇ ಅಮೆರಿಕದ ಹೆಂಗಸರ ಮನಸ್ಸು ಕದ್ದ ನಟ. ಆಮೇಲೆ ಬಂದ ಸೆನ್ಸಾರ್ ನಿಯಮಗಳ ಕಾಲದಲ್ಲಿ ಬೇರೆ ಬೇರೆ ಜನಾಂಗದವರ ಪ್ರೇಮ ತೋರಿಸೋಕೆ ಸ್ಟುಡಿಯೊಗಳು ಹೆದರಿದವು. ಆ ಹೆದರಿಕೆ ಎಷ್ಟು ದಿನ ಉಳಿಯಿತು ನೋಡು: 2000ದ ‘ರೋಮಿಯೊ ಮಸ್ಟ್ ಡೈ’ನಲ್ಲಿ ಜೆಟ್ ಲೀ ಊರೆಲ್ಲ ಹೊಡೆದುರುಳಿಸ್ತಾನೆ, ಕೊನೆಗೆ ನಾಯಕಿಯಿಂದ ಸಿಗೋದು ಒಂದು ಅಪ್ಪುಗೆ. ಹೆಸರು ನೋಡಿದರೆ ರೋಮಿಯೊ! (ನಾವೇನು ಕಮ್ಮಿ? ನಮ್ಮ ಸಿನಿಮಾದ ಗೂರ್ಖಾ, ಸೇಟುಗಳಿಗೆ ಮನೆಮಠ ಇರೋದನ್ನು ಎಷ್ಟು ಸಲ ನೋಡಿದ್ದೀಯ?)

ಆಫೀಸಿನ ಮಾತಿಗೆ ಬರ್ತೀನಿ. ಒಂದು ಮಧ್ಯಾಹ್ನ ಮೈಕ್ರೋವೇವ್ ಮುಂದೆ ಡಬ್ಬಿ ಹಿಡಿದು ನಿಂತಿದ್ದೆ. ಟೀಮಿನವನೊಬ್ಬ ‘ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಯವ ಅಪು ಥರ ಎಳೆದು "ಥ್ಯಾಂಕ್ ಯೂ, ಕಮ್ ಅಗೇನ್" ಅಂದ. "ಅದು ಇಂಡಿಯಾ ದನಿ ಅಲ್ಲ ಮಾರಾಯ, ನ್ಯೂಯಾರ್ಕಿನ ಹ್ಯಾಂಕ್ ಅಜೇರಿಯಾದು. ಅವರೇ ಬಿಟ್ಟಾಯ್ತು, ನೀನ್ಯಾಕೆ ಹಿಡ್ಕೊಂಡಿದ್ದೀಯ?" ಅಂದೆ. ಅಜೇರಿಯಾ 2020ರಲ್ಲಿ ಆ ಪಾತ್ರಕ್ಕೆ ದನಿ ಕೊಡೋದನ್ನು ನಿಲ್ಲಿಸಿದ್ದರು. ಅವನು ಪೆಚ್ಚಾಗಿ ನಕ್ಕ. ಆಮೇಲೆ ನನ್ನ ಮುಂದೆ ಆ ದನಿ ತೆಗೆಯಲಿಲ್ಲ. ನಿನಗೂ ಇಂಥದ್ದು ಎದುರಾದರೆ ಜೊತೆಗೆ ನಗಬೇಡ; ಒಂದು ಸಲ ನಕ್ಕರೆ ಅದೇ ನಿನ್ನ ಅಡ್ಡಹೆಸರಾಗುತ್ತೆ. ನಿನಗೆ ಮಾರ್ಕ್ಸ್ ಹಾಕೋರು, ಸಂಬಳ ಕೊಡೋರು ಹಾಗಂದರೆ ತಕ್ಷಣ ಜಗಳಕ್ಕಿಳಿಯಬೇಡ. ದಿನಾಂಕ ಸಮೇತ ಬರೆದಿಟ್ಟುಕೋ, ನಂಬಿಕೆಯ ಹಿರಿಯರೊಬ್ಬರಿಗೆ ಹೇಳು.

ಈಗ ಗಾಳಿ ಬದಲಾಗಿದೆ. ಬರೋ ಮೊದಲು 2018ರ ‘ಸರ್ಚಿಂಗ್’ ನೋಡು. ನಿರ್ದೇಶಕ ಭಾರತೀಯ ಮೂಲದ ಅನೀಶ್ ಚಾಗಂಟಿ. ಕಾಣೆಯಾದ ಮಗಳಿಗಾಗಿ ಲ್ಯಾಪ್‌ಟಾಪ್ ಜಾಲಾಡೋ ಅಪ್ಪನಾಗಿ ಜಾನ್ ಚೋ ಇದ್ದಾನೆ. ಕೊರಿಯನ್ ಅಮೆರಿಕನ್ ಮನೆ ಅನ್ನೋದನ್ನು ಯಾರೂ ವಿವರಿಸೋಕೆ ಹೋಗಲ್ಲ. ಕುಂಗ್‌ಫೂ ಇಲ್ಲ, ತಮಾಷೆ ಆಕ್ಸೆಂಟೂ ಇಲ್ಲ.

ಆಕ್ಸೆಂಟ್ ಕ್ಲಾಸಿಗೆ ದುಡ್ಡು ಸುರಿಯಬೇಡ. ವೇಗ ಮಾತ್ರ ಇಳಿಸು. ಮನೆಯಲ್ಲಿ ಮಾತಾಡೋ ರಭಸಕ್ಕೆ ಇಲ್ಲಿ ಫೋನಿನಲ್ಲಿ ಯಾರಿಗೂ ಅರ್ಥವಾಗಲ್ಲ. ಹೆಸರು ಮೊಟಕು ಮಾಡ್ಕೋಬೇಡ, ಮೊದಲ ದಿನವೇ ಬಿಡಿಸಿ ಹೇಳಿಕೊಡು. ಟಿಕೆಟ್ ಆದಮೇಲೆ ಯಾವ ಊರಿಗೆ ಇಳೀತೀಯ ಅಂತ ತಿಳಿಸು.