ಕೇಸು ಜಾಸ್ತಿ ಆದರೆ ಅಪರಾಧವೂ ಜಾಸ್ತಿ ಆಯ್ತು ಅಂತಲಾ?

ಡಿಸೆಂಬರ್ ಬಂತು ಅಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ, ಅಧಿವೇಶನ ಅಂದರೆ ಕಾನೂನು ಸುವ್ಯವಸ್ಥೆಯ ಮೇಲೆ ಜಟಾಪಟಿ. ಈ ಸಲದ ಪತ್ರಗಳಲ್ಲಿ ಬಹಳಷ್ಟು ಅದರ ಬಗ್ಗೆಯೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ (ಜಮಖಂಡಿ): ವಿರೋಧ ಪಕ್ಷದವರು ಅಪರಾಧ ಏರಿದೆ ಅಂತಾರೆ, ಆಡಳಿತ ಪಕ್ಷದವರು ಇಳಿದಿದೆ ಅಂತಾರೆ. ಇಬ್ಬರ ಕೈಯಲ್ಲೂ ಸರ್ಕಾರದ್ದೇ ಅಂಕಿ ಇರುತ್ತದೆ. ಯಾರು ಸುಳ್ಳು ಹೇಳುತ್ತಿದ್ದಾರೆ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು, ತೊಂದರೆ ಇರೋದೇ ಅಲ್ಲಿ. ಯಾವ ವರ್ಷದ ಜೊತೆ ಹೋಲಿಸಬೇಕು, ಯಾವ ಅಪರಾಧ ತೆಗೆದುಕೊಳ್ಳಬೇಕು ಅನ್ನೋದನ್ನ ಅವರವರಿಗೆ ಬೇಕಾದಂತೆ ಆರಿಸಿಕೊಳ್ಳುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಲೆಕ್ಕದಲ್ಲಿ 2019ರಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಪ್ರಕರಣ ಸುಮಾರು 51.5 ಲಕ್ಷ. 2020ರಲ್ಲಿ ಅದು 66 ಲಕ್ಷ. ಒಂದೇ ವರ್ಷಕ್ಕೆ ಶೇ. 28 ಏರಿಕೆ! ಇದೊಂದನ್ನೇ ಮೈಕಿನಲ್ಲಿ ಹೇಳಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಆದರೆ ಅದು ಲಾಕ್‌ಡೌನ್ ವರ್ಷ. ಆದೇಶ ಮೀರಿದರು ಅಂತ ಐಪಿಸಿ 188ರ ಕೆಳಗೆ ಹಾಕಿದ ಕೇಸುಗಳೇ 6 ಲಕ್ಷ ದಾಟಿದ್ದವು, ಹಿಂದಿನ ವರ್ಷ ಅವು 30 ಸಾವಿರವೂ ಇರಲಿಲ್ಲ. ಕೊಲೆ ಹೆಚ್ಚಿದ್ದು ಶೇ. 1ರಷ್ಟು ಮಾತ್ರ. ಮರುವರ್ಷ ಒಟ್ಟು ಸಂಖ್ಯೆ ಇಳಿಯಿತು, ಅದನ್ನ ತಮ್ಮ ಸಾಧನೆ ಅಂತ ಹೇಳಿಕೊಳ್ಳೋದಕ್ಕೂ ಅಷ್ಟೇ ಸುಲಭ.

ಅದಕ್ಕೇ ನಾನು ಮೊದಲು ನೋಡೋದು ಕೊಲೆಯ ಸಂಖ್ಯೆ. ಹೆಣ ಇರುತ್ತದೆ, ಪೋಸ್ಟ್‌ಮಾರ್ಟಂ ಇರುತ್ತದೆ, ಸುಮ್ನೆ ಮುಚ್ಚಿಹಾಕೋದು ಕಷ್ಟ. ಅದೂ ಪೂರ್ತಿ ನಿಖರ ಅಲ್ಲ. ಅಸಹಜ ಸಾವು ಅಂತ ಯುಡಿಆರ್‌ನಲ್ಲಿ, ಅಂದರೆ ಅಸಹಜ ಸಾವಿನ ವರದಿಯಲ್ಲಿ, ಬರೆದು ಕೈ ತೊಳೆದುಕೊಂಡದ್ದು ಎಷ್ಟೋ ದಿನದ ಮೇಲೆ ಕೊಲೆ ಅಂತ ಗೊತ್ತಾಗೋದುಂಟು. ಆದರೂ ಉಳಿದವುಗಳಿಗಿಂತ ಅದನ್ನ ಹೆಚ್ಚು ನಂಬಬಹುದು.

ಪ್ರಶ್ನೆ (ರಾಮದುರ್ಗ): ರಾಜ್ಯದಲ್ಲಿ ಇಷ್ಟು ಸಾವಿರ ಗಲಭೆ ಆಗಿವೆ ಅಂತ ಒಂದು ವಿಡಿಯೊ ಓಡಾಡುತ್ತಿದೆ. ಇಷ್ಟು ಕೋಮುಗಲಭೆ ಎಲ್ಲಿ ಆದವು? ನಮ್ಮ ಕಡೆ ನಾವು ನೋಡಿಲ್ಲವಲ್ಲ.

ಉತ್ತರ: ನೀವು ನೋಡಿರುತ್ತೀರಿ, ಅದು ಗಲಭೆಯ ಲೆಕ್ಕಕ್ಕೆ ಹೋಗಿದೆ ಅಂತ ಗೊತ್ತಿರೋದಿಲ್ಲ ಅಷ್ಟೇ. ಅಣ್ಣತಮ್ಮಂದಿರ ಹೊಲ. ನಡುವೆ ಬದು. ಒಬ್ಬರು ನೇಗಿಲು ಹೊಡೆಯುವಾಗ ಒಂದು ಮೊಳ ಒತ್ತಿದರು. ಬೆಳಿಗ್ಗೆ ಬಾಯಿಮಾತು, ಮಧ್ಯಾಹ್ನದ ಹೊತ್ತಿಗೆ ಮಕ್ಕಳು, ಅಳಿಯ, ಭಾವಮೈದ ಎಲ್ಲ ಸೇರಿ ಬಡಿಗೆ ಹಿಡಿದರು, ಇಬ್ಬರ ತಲೆ ಒಡೆಯಿತು. ಒಂದೇ ಉದ್ದೇಶಕ್ಕೆ ಐದು ಜನ ಅಥವಾ ಹೆಚ್ಚು ಮಂದಿ ಅಕ್ರಮವಾಗಿ ಸೇರಿ ಬಲಪ್ರಯೋಗ ಮಾಡಿದರೆ ಕಾನೂನಿನ ಪ್ರಕಾರ ಅದು ಗಲಭೆ. ಮೊದಲು ಐಪಿಸಿ 147, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಬಿಎನ್‌ಎಸ್‌ನ, 191. ಆ ಕಡೆಯವರು ಫಿರ್ಯಾದಿ ಕೊಟ್ಟರೆ ಈ ಕಡೆಯವರು ಕೌಂಟರ್ ಕೇಸ್ ಹಾಕುತ್ತಾರೆ, ಎರಡು ಎಫ್‌ಐಆರ್. ಜಗಳ ಒಂದೇ, ಕಾಗದದ ಮೇಲೆ ಎರಡು ಗಲಭೆ.

ಎನ್‌ಸಿಆರ್‌ಬಿ ಇದನ್ನ ಮುಚ್ಚಿಟ್ಟಿಲ್ಲ. ಗಲಭೆಗಳನ್ನು ಕೋಮು, ಜಾತಿ, ರಾಜಕೀಯ, ಜಮೀನು ಆಸ್ತಿ ವಿವಾದ ಅಂತ ಬೇರೆ ಬೇರೆ ಮಾಡಿ ಕೊಡುತ್ತದೆ. ವಿಡಿಯೊ ಮಾಡಿದವರು ಒಟ್ಟು ಸಂಖ್ಯೆ ತೆಗೆದುಕೊಂಡು ಹಿಂದೆ ಕಲ್ಲು ತೂರಾಟದ ದೃಶ್ಯ ಹಾಕಿದರೆ ಅದು ಅಜ್ಞಾನ ಅಲ್ಲ, ಜನರನ್ನು ಜನರ ಮೇಲೆ ಎತ್ತಿಕಟ್ಟೋ ಕೆಲಸ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ.

ಇನ್ನೊಂದು. ಹಿಂಸಾತ್ಮಕ ಅಪರಾಧ ಅನ್ನೋ ಪಟ್ಟಿಯಲ್ಲಿ ಅಪಹರಣವೂ ಸೇರುತ್ತದೆ. ಹದಿನೇಳರ ಹುಡುಗಿ ತಾನು ಮೆಚ್ಚಿದವನ ಜೊತೆ ಹೋದಳು ಅಂತ ಅಪ್ಪ ಕೊಟ್ಟ ದೂರೂ ಅದರಲ್ಲೇ, ದುಡ್ಡಿಗಾಗಿ ಮಗುವನ್ನು ಎತ್ತಿಕೊಂಡು ಹೋದದ್ದೂ ಅದರಲ್ಲೇ.

ಪ್ರಶ್ನೆ (ಇಂಡಿ): ಟಿವಿಯವರು ಮಾತೆತ್ತಿದರೆ ಭೀಮಾ ತೀರ ಅಂತಾರೆ. ಯಾವ ಜಿಲ್ಲೆ ಹೆಚ್ಚು ಅಪಾಯಕಾರಿ ಅಂತ ಅಂಕಿಯಿಂದ ಹೇಳೋಕೆ ಆಗುತ್ತಾ?

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತದೆ, ಜನಸಂಖ್ಯೆಯಿಂದ ಭಾಗಿಸಿದರೆ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆ 47.8 ಲಕ್ಷ, ವಿಜಯಪುರ 21.8 ಲಕ್ಷ, ಬಾಗಲಕೋಟೆ 18.9 ಲಕ್ಷ. ಬಾಗಲಕೋಟೆಗಿಂತ ಬೆಳಗಾವಿಯಲ್ಲಿ ಎರಡೂವರೆ ಪಟ್ಟು ಕೊಲೆ ಆದರೂ ಎರಡೂ ಜಿಲ್ಲೆ ಸಮವೇ. ದೇಶದ ಮಟ್ಟದಲ್ಲೂ ಹಾಗೇ. 2022ರಲ್ಲಿ ಅತಿ ಹೆಚ್ಚು ಕೊಲೆ ಕೇಸು ಉತ್ತರ ಪ್ರದೇಶದ್ದು, 3,491. ಲಕ್ಷ ಜನಕ್ಕೆ ಲೆಕ್ಕ ಹಾಕಿದರೆ ಅಲ್ಲಿ 1.5, ಇಡೀ ದೇಶದ ಸರಾಸರಿ 2.1. ಈ ಜನಸಂಖ್ಯೆಯೂ 2011ರ ಮೇಲೆ ಕಟ್ಟಿದ ಅಂದಾಜು, ಯಾಕೆಂದರೆ 2021ರಲ್ಲಿ ಗಣತಿಯೇ ಆಗಲಿಲ್ಲ.

ಬೆಳಗಾವಿಯಲ್ಲಿ ಇನ್ನೊಂದು ಗುಂಡಿ ಇದೆ. ನಗರಕ್ಕೆ ಪೊಲೀಸ್ ಕಮಿಷನರೇಟ್ ಬೇರೆ, ಗೋಕಾಕ, ಅಥಣಿ, ಚಿಕ್ಕೋಡಿ ಕಡೆಗೆಲ್ಲ ಎಸ್‌ಪಿ ಬೇರೆ. ಪಟ್ಟಿಯಲ್ಲಿ ಎರಡು ಸಾಲು ಬರುತ್ತವೆ. ಒಂದೇ ಸಾಲು ನೋಡಿ ಇಡೀ ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ಬೆಳಗಾವಿ ತುಂಬಾ ಶಾಂತವಾಗಿ ಕಾಣುತ್ತದೆ.

ಇನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿದರೆ ಶೇಕಡಾವಾರು ಹೇಳೋದೇ ತಪ್ಪು. ಒಂದು ವರ್ಷ ಎರಡು ಕೊಲೆ, ಮರುವರ್ಷ ನಾಲ್ಕು ಅಂತ ಇಟ್ಟುಕೊಳ್ಳಿ. ಶೇ. 100 ಏರಿಕೆ ಅಂತ ತಲೆಬರಹ ಬರುತ್ತದೆ. ಒಂದೇ ಮನೆಯ ಹಳೇ ವೈರದಿಂದ ಹೆಚ್ಚಾದ ಆ ಎರಡೂ ಆಗಿರಬಹುದು. ಐದು ವರ್ಷದ್ದನ್ನ ಒಟ್ಟಿಗೆ ಇಟ್ಟು ನೋಡಿ.

ಪ್ರಶ್ನೆ (ಬೆಳಗಾವಿ): ಮಹಿಳೆಯರ ಮೇಲಿನ ದೌರ್ಜನ್ಯದ ಕೇಸು ಪ್ರತಿ ವರ್ಷ ಏರುತ್ತಿದೆ ಅಂತ ಓದುತ್ತೇನೆ. ಮಗಳನ್ನು ಕಾಲೇಜಿಗೆ ಕಳಿಸೋಕೂ ಹೆದರಿಕೆ ಆಗುತ್ತದೆ.

ಉತ್ತರ: ನಿಮ್ಮ ಹೆದರಿಕೆಯನ್ನು ತಳ್ಳಿಹಾಕುವುದಿಲ್ಲ. ಆದರೆ ಈ ಅಂಕಿಯನ್ನು ನಿಧಾನವಾಗಿ ಓದಬೇಕು. 2012ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣ 24,923. ಮರುವರ್ಷ 33,707. ಒಂದೇ ವರ್ಷದಲ್ಲಿ ಗಂಡಸರು ಅಷ್ಟು ಕೆಟ್ಟುಹೋದರು ಅಂತ ಅಲ್ಲ. 2012ರ ಡಿಸೆಂಬರಿನಲ್ಲಿ ದೆಹಲಿಯ ನಿರ್ಭಯಾ ಅತ್ಯಾಚಾರ ಘಟನೆ ಆದ ಮೇಲೆ ಹೆಣ್ಣುಮಕ್ಕಳು ಬಾಯಿ ಬಿಟ್ಟರು, 2013ರಲ್ಲಿ ಕಾನೂನಿನ ವ್ಯಾಪ್ತಿ ಹಿಗ್ಗಿತು. ಅದೇ ವರ್ಷ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ) ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಹೇಳಿತು. ಎನ್‌ಸಿಆರ್‌ಬಿ ಕೂಡ ತನ್ನ ವರದಿಯಲ್ಲಿ, ಅಪರಾಧ ಹೆಚ್ಚಾಗೋದು ಬೇರೆ, ದಾಖಲಾಗೋದು ಹೆಚ್ಚಾಗೋದು ಬೇರೆ ಅಂತ ಎಚ್ಚರಿಸುತ್ತದೆ.

ಎಣಿಸುವ ಕ್ರಮವೂ ಗೊತ್ತಿರಲಿ. ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂ ಇದ್ದರೆ ಅತಿ ಹೆಚ್ಚು ಶಿಕ್ಷೆ ಇರುವುದನ್ನಷ್ಟೇ ಎಣಿಸುತ್ತಾರೆ. ಅತ್ಯಾಚಾರ ಮಾಡಿ ಕೊಂದರೆ ಅದು ಅತ್ಯಾಚಾರದ ಸಾಲಿಗೆ ಬರೋದಿಲ್ಲ, ಬೇರೆ ಸಾಲೇ ಇದೆ.

ನನಗೆ ಚಿಂತೆ ಆಗೋದು ಕೇಸು ಕಡಿಮೆ ಮಾಡಿದ್ದೇವೆ ಅಂತ ಸದನದಲ್ಲಿ ಎದೆತಟ್ಟಿಕೊಂಡಾಗ. ಆ ಮಾತು ಕೆಳಗಿಳಿದು ಸ್ಟೇಷನ್ ಮುಟ್ಟುವಾಗ ಬೇರೆಯೇ ರೂಪ ತಾಳಬಹುದು. ತಲೆಯಿಂದ ರಕ್ತ ಸೋರುತ್ತಾ ಬಂದ ಹೆಂಗಸಿಗೆ ಅಲ್ಲಿದ್ದವರು, "ಸಂಸಾರ ಅಂದ ಮೇಲೆ ಇದೆಲ್ಲ ಇರೋದೇ ಅಲ್ವಾ, ಹಿರಿಯರನ್ನು ಕೂರಿಸಿ ಬಗೆಹರಿಸಿಕೊಳ್ಳಿ" ಅಂತ ಕಳಿಸಿದರೆ ಆ ಜಿಲ್ಲೆಯ ಅಂಕಿ ಇಳಿಯುತ್ತದೆ. ಅವಳ ಮನೆಯಲ್ಲಿ ಏನೂ ಇಳಿದಿರೋದಿಲ್ಲ. ಕೇಸು ಹಾಕಿಕೊಂಡ ಇನ್‌ಸ್ಪೆಕ್ಟರನ್ನು ಅಂಕಿ ಏರಿತು ಅಂತ ಬೈಯುವ ಶಾಸಕರು ಇದನ್ನ ಯೋಚಿಸಬೇಕು.

ನಿಮ್ಮ ಶಾಸಕರಿಗೆ ಪತ್ರ ಬರೆಯುವುದಾದರೆ ಏರಿತೋ ಇಳಿಯಿತೋ ಅಂತ ಕೇಳಬೇಡಿ. ಬಂದ ದೂರುಗಳಲ್ಲಿ ಎಷ್ಟಕ್ಕೆ ಎಫ್‌ಐಆರ್ ಆಯ್ತು, ಎಷ್ಟರಲ್ಲಿ ಚಾರ್ಜ್‌ಶೀಟ್ ಹೋಯ್ತು, ವಿಚಾರಣೆ ಮುಗಿದವುಗಳಲ್ಲಿ ಎಷ್ಟಕ್ಕೆ ಶಿಕ್ಷೆ ಆಯ್ತು ಅಂತ ಠಾಣೆವಾರು ಕೇಳಿ. ಅಧಿವೇಶನದಲ್ಲಿ ಇದನ್ನ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸದನದಲ್ಲೇ ಬಾಯಿಮಾತಿನ ಉತ್ತರ ಬೇಕಾದ ಪ್ರಶ್ನೆಯಾಗಿ, ಹಾಕೋಕೆ ಅವರಿಗೆ ಅವಕಾಶ ಇದೆ, ಗೃಹ ಸಚಿವರು ಉತ್ತರ ಕೊಡಲೇಬೇಕು.