ಸಂಪಾದಕರ ಉತ್ತರ: ತೌಡು ಯಾಕೆ ಹಳಸುತ್ತದೆ?

ಗಂಗಾವತಿಯ ಓದುಗರೊಬ್ಬರ ಪತ್ರ: "ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಯಿತು. ಅಪ್ಪ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೋರ್ಸ್ ಸೇರಿದ್ದಾರೆ. ಸಾಲ ಮಾಡಿ ನಾನೂ ಸೇರಲಾ? ನಮ್ಮ ಕಡೆ ನನ್ನ ಓದಿಗೆ ಕೆಲಸವೇ ಇಲ್ಲ."

ಕೊನೆಯ ಮಾತು ನನಗೆ ಒಪ್ಪಿಗೆಯಿಲ್ಲ. ಅಪ್ಪನ ಮಿಲ್ಲಿನಿಂದಲೇ ಶುರು ಮಾಡೋಣ.

ಅಕ್ಕಿ ಪಾಲಿಶ್ ಮಾಡುವಾಗ ಉದುರುವ ತೌಡು ಮೂಲೆಯಲ್ಲಿ ನಾಲ್ಕು ದಿನ ಬಿದ್ದರೆ ಕಮಟು ವಾಸನೆ ಬರುತ್ತದೆ, ಅಲ್ವಾ? ಅದರಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯುತ್ತದೆ. ಪಾಲಿಶ್ ಆದ ಕೆಲವೇ ಗಂಟೆಗಳಲ್ಲಿ ಈ ಕೆಲಸ ಶುರು. ಅದಕ್ಕೇ ತೌಡು ಬೇಗ ಎಣ್ಣೆ ಕಾರ್ಖಾನೆ ಮುಟ್ಟಬೇಕು. ಅಲ್ಲಿ ಹೆಕ್ಸೇನ್ ಎಂಬ, ಎಣ್ಣೆಯನ್ನು ಕರಗಿಸಿಕೊಳ್ಳುವ ದ್ರಾವಕ ಹಾಯಿಸಿ ಎಣ್ಣೆ ತೆಗೆಯುತ್ತಾರೆ. 100 ಕಿಲೋ ತೌಡಿನಲ್ಲಿ ಸುಮಾರು 15ರಿಂದ 20 ಕಿಲೋ ಎಣ್ಣೆ ಇರುತ್ತದೆ. ಹೆಕ್ಸೇನ್ 70 ಡಿಗ್ರಿಯ ಒಳಗೇ ಕುದಿಯುತ್ತದೆ. ಅದನ್ನು ಆವಿ ಮಾಡಿ, ತಣಿಸಿ, ಹಿಡಿದು ಮತ್ತೆ ಬಳಸಬೇಕು. ಸೋರಿದಷ್ಟೂ ಮಾಲೀಕರಿಗೆ ನಷ್ಟ. ಕಿಡಿ ತಗುಲಿದರೆ ಎಲ್ಲರ ಜೀವಕ್ಕೂ ಅಪಾಯ. ಎಕ್ಸ್‌ಟ್ರಾಕ್ಷನ್, ಡಿಸ್ಟಿಲೇಷನ್, ಕಂಡೆನ್ಸರ್ ಅಂತ ನೀವು ಪರೀಕ್ಷೆಗೆ ಉರು ಹೊಡೆದದ್ದು ಇದನ್ನೇ.

ಇನ್ನು ಸ್ವಲ್ಪ ಸುತ್ತಾಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಎಲ್ಲರೂ ಮೆಕ್ಯಾನಿಕಲ್‌ನವರ ಜಾಗ ಅಂದುಕೊಂಡಿದ್ದಾರೆ. ಆದರೆ ಕಲ್ಲಿದ್ದಲನ್ನು ಕಾಯಿಸಿ ಕುಲುಮೆಗೆ ಬೇಕಾದ ಕೋಕ್ ಮಾಡುವಾಗ ಬರುವ ಅನಿಲದಲ್ಲಿ ಟಾರ್ ಇರುತ್ತದೆ, ಅಮೋನಿಯಾ ಇರುತ್ತದೆ. ಅದನ್ನು ತೊಳೆಯುವವರು ನಿಮ್ಮವರೇ. ಹಟ್ಟಿಯಲ್ಲಿ ಚಿನ್ನದ ಅದಿರಿದೆ. ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸುವಾಗ ಸುಣ್ಣ ಹಾಕಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ಅನ್ನು 10ರ ಮೇಲೆ ಇಟ್ಟುಕೊಳ್ಳಬೇಕು. ಕೆಳಗಿಳಿದರೆ ವಿಷಾನಿಲ ಏಳುತ್ತದೆ. ಶಕ್ತಿನಗರ, ಕುಡುತಿನಿಯ ವಿದ್ಯುತ್ ಸ್ಥಾವರಗಳಲ್ಲಿ ಬಾಯ್ಲರ್ ನೀರು ನೋಡಿಕೊಳ್ಳುವ ಕೆಲಸವಿದೆ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಿಂದ ಹೊರಬೀಳುವ ನೀಲಿ ನೀರನ್ನು ಶುದ್ಧ ಮಾಡುವವರೂ ಬೇಕು.

ಇದೆಲ್ಲ ಕೇಳಲು ಚೆಂದ. ಆರಂಭದ ಸಂಬಳ ಹೆಚ್ಚಾಗಿ ಕಡಿಮೆ, ಜೊತೆಗೆ ರಾತ್ರಿ ಪಾಳಿ. ನಾನು ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಒಂದು ಕಾರ್ಖಾನೆಗೆ ಟ್ರೈನಿ ಆಗಿ ಸೇರಿದ್ದೆ. ಆರು ತಿಂಗಳು ಸುಮ್ನೆ ರಿಜಿಸ್ಟರ್ ತುಂಬಿಸಿದರು. ಪ್ಲಾಂಟ್ ಒಳಗೆ ಬಿಡಲೇ ಇಲ್ಲ. (ಪತ್ರಿಕೆಗೆ ಬಂದದ್ದು ಹಾಗೆ!) ಆದ್ದರಿಂದ ಸೇರುವ ಮೊದಲು ಎರಡು ಮಾತು ಕೇಳಿ: ಯಾವ ಸೆಕ್ಷನ್? ಸಂಬಳ ಕೊಡುವುದು ಕಂಪನಿಯೋ, ಕಂಟ್ರಾಕ್ಟರೋ?

ಜೊತೆಗೆ ಗೇಟ್ ಪರೀಕ್ಷೆಗೆ ಓದಿ; ಎಂ.ಟೆಕ್. ಸೀಟಿಗೂ ಕೆಲವು ಸರ್ಕಾರಿ ಕಂಪನಿಗಳ ಕೆಲಸಕ್ಕೂ ನೋಡುವ ಪರೀಕ್ಷೆ ಅದು. ಅದರಲ್ಲಿ ಕೆಮಿಕಲ್‌ಗೆ ಬೇರೆಯೇ ಪತ್ರಿಕೆ ಇದೆ, ಅಂಕಪಟ್ಟಿ 3 ವರ್ಷ ನಡೆಯುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕೊಪ್ಪಳ ಜಿಲ್ಲೆಯವರಾದ ನಿಮಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಅದು ಬೇಕಾಗುತ್ತದೆ. ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ.

ಸಾಫ್ಟ್‌ವೇರ್ ಕೆಟ್ಟದ್ದೇನಲ್ಲ. ಮನಸ್ಸಿದ್ದರೆ ಕಲಿಯಿರಿ, ಪ್ಲಾಂಟ್ ಕೆಲಸಕ್ಕೂ ಉಪಯೋಗಕ್ಕೆ ಬರುತ್ತದೆ. ಗೆಳೆಯರು ಹೋದರು ಅಂತ ಮಾತ್ರ ಸಾಲ ಮಾಡಬೇಡಿ.

ಈ ವಾರ ಒಂದು ಕೆಲಸ ಮಾಡಿ. ಮಿಲ್ಲಿನ ತೌಡು ಯಾವ ಎಣ್ಣೆ ಕಾರ್ಖಾನೆಗೆ ಹೋಗುತ್ತದೆ ಅಂತ ಅಪ್ಪನನ್ನು ಕೇಳಿ. ಅವರಿಂದಲೇ ಒಂದು ಫೋನ್ ಮಾಡಿಸಿ, ಹೋಗಿ ನೋಡಿ ಬನ್ನಿ. ಮೊಬೈಲ್ ಗೇಟಿನಲ್ಲೇ ಕೊಟ್ಟು ಹೋಗಿ. ಹೆಕ್ಸೇನ್ ಇರುವ ಕಡೆ ಅದನ್ನು ಒಯ್ಯಬಾರದು. ಯಾಕೆ ಅಂತ ನಿಮಗೆ ನಾನು ಹೇಳಬೇಕಿಲ್ಲ.