ಜ್ಯಾಕ್ ಸ್ಟ್ಯಾಂಡ್ ಎಲ್ಲಿದೆ?

ಪ್ರಿಯರೇ,

ನಮಸ್ಕಾರ. 1993ರ ಟೊಯೋಟಾ ಪಿಕಪ್ಪನ್ನು ಟೆಕ್ಸಸ್‌ನ ನಿಮ್ಮ ಮನೆಯ ಗ್ಯಾರೇಜಿನಲ್ಲೇ ಅಗ್ಗವಾಗಿ ತಗ್ಗಿಸಿದ, ಎಂದರೆ ನೆಲಕ್ಕೆ ಹತ್ತಿರವಾಗುವಂತೆ ಇಳಿಸಿದ ಬಗ್ಗೆ ನೀವು ಕಳುಹಿಸಿದ ಲೇಖನ ಮತ್ತು ಚಿತ್ರಗಳು ತಲುಪಿವೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಕೈಬಿಡುವ ಮನಸ್ಸೂ ಇಲ್ಲ. ತಿದ್ದಿ ಕಳುಹಿಸಿ ಎಂದು ಕೇಳಲೆಂದೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಮೊದಲು ನಾಲ್ಕನೇ ಚಿತ್ರದ ಮಾತು. ಗಾಡಿ ಬರೀ ಹೈಡ್ರಾಲಿಕ್ ಜ್ಯಾಕಿನ ಮೇಲೆ ನಿಂತಿದೆ, ನಿಮ್ಮ ಎದೆಯವರೆಗಿನ ಭಾಗ ಅದರ ಕೆಳಗಿದೆ. ಜ್ಯಾಕ್ ಸ್ಟ್ಯಾಂಡ್ ಎಲ್ಲಿದೆ? ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ; ಆ ಕೆಲಸ ಸ್ಟ್ಯಾಂಡಿನದು. ಒಳಗಿನ ಒಂದು ಸೀಲ್ ಸೋರಿದರೆ ಸಾಕು, ಗಾಡಿ ಕೆಳಗಿಳಿಯುತ್ತದೆ. ಈ ಚಿತ್ರವನ್ನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಕೆಲಸ ಕಲಿಸುವ ಬರಹವನ್ನು ಓದಿದವರು ಅದನ್ನು ನಂಬಿ ಗಾಡಿಯ ಕೆಳಗೆ ಮಲಗುತ್ತಾರೆ. ನೀವು ಬರೆದ ಪ್ರತಿ ಸಾಲನ್ನೂ ಅದನ್ನು ನೆನಪಿಟ್ಟುಕೊಂಡು ಮತ್ತೊಮ್ಮೆ ಓದಿ ನೋಡಿ.

ಹಿಂಬದಿಯ ಆಕ್ಸಲ್ಲನ್ನು (ಚಕ್ರಗಳ ನಡುವಿನ ಅಡ್ಡ ದಂಡ) ಲೀಫ್ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬಿಗಿದಿಡುವ ಯು-ಬೋಲ್ಟ್ ಬಿಚ್ಚಿದ ಭಾಗ ಬಹಳ ಚೆನ್ನಾಗಿದೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟದ್ದು, ಸ್ಪ್ಯಾನರಿಗೆ ಉದ್ದದ ಪೈಪ್ ತೊಡಿಸಿದ್ದು, ಕಡೆಗೆ ನಟ್ ಕಿರ್ರೆಂದು ಸಡಿಲವಾದಾಗ ತುಕ್ಕಿನ ಪುಡಿ ಕಣ್ಣಿಗೆ ಉದುರಿದ್ದು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಇದನ್ನು ಮಾಡಿದವರಷ್ಟೇ ಹೀಗೆ ಬರೆಯಬಲ್ಲರು. ಆದರೆ ಅದೇ ಹಳೆಯ ಯು-ಬೋಲ್ಟನ್ನು ಮರಳಿ ಹಾಕಬಹುದು ಎಂದು ಮುಂದಿನ ಸಾಲಿನಲ್ಲಿ ಬರೆದಿದ್ದೀರಿ. ಅದು ಬೇಡ. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಹಿಂಬದಿ ತಗ್ಗಿಸಲು ಆಕ್ಸಲ್ ಮತ್ತು ಸ್ಪ್ರಿಂಗ್‌ನ ನಡುವೆ ಮೂರು ಇಂಚಿನ ಬ್ಲಾಕ್ ಎಂಬ ಗಟ್ಟಿ ತುಂಡು ಬಂದ ಮೇಲೆ ಉದ್ದವೂ ಸಾಲದು. ಬ್ಲಾಕಿನ ಪಿನ್ ಆಕ್ಸಲ್ಲಿನ ತೂತಿನಲ್ಲಿ ಸರಿಯಾಗಿ ಕೂತಿತೇ ಎಂದು ನೋಡಿದ್ದನ್ನೂ, ಒಂದಷ್ಟು ಓಡಿಸಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿದದ್ದನ್ನೂ ಬರೆಯಿರಿ. ಮಾಡಿರದಿದ್ದರೆ ಇವತ್ತೇ ಮಾಡಿ.

ಮುಂಬದಿಯ ವಿವರಣೆಯಲ್ಲಿ ಒಂದು ತಪ್ಪಿದೆ. ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳಾದ ಟಾರ್ಷನ್ ಬಾರಿನ ಬೋಲ್ಟ್ ಸಡಿಲಿಸಿದರೆ ಸ್ಪ್ರಿಂಗ್ ಮೃದುವಾಗುತ್ತದೆ ಎಂದಿದ್ದೀರಿ. ಹಾಗೇನೂ ಆಗುವುದಿಲ್ಲ. ಉಕ್ಕಿನ ಸರಳಿನ ದಪ್ಪ, ಉದ್ದ ಎರಡೂ ಇದ್ದಷ್ಟೇ ಇರುತ್ತವೆ. ಅದರ ಬಿರುಸೂ ಮೊದಲಿನಷ್ಟೇ. ಬೋಲ್ಟ್ ಬದಲಿಸುವುದು ಗಾಡಿ ನಿಲ್ಲುವ ಎತ್ತರವನ್ನು ಮಾತ್ರ. ಹಾಗಾದರೆ ತಗ್ಗಿಸಿದ ಮೇಲೆ ನಿಮ್ಮ ಗಾಡಿ ಗುಂಡಿಯಲ್ಲಿ ಧಡ್ಡೆಂದು ಬಡಿಯುವುದೇಕೆ? ಚಕ್ರ ಮೇಲೇಳಲು ಇದ್ದ ಜಾಗ ಕಡಿಮೆಯಾಗಿ, ಚಕ್ರವನ್ನು ಹಿಡಿದ ತೋಳು ಅದರ ಏರಿಕೆಯನ್ನು ತಡೆಯುವ ರಬ್ಬರಿನ ಬಂಪ್ ಸ್ಟಾಪಿಗೆ ತಾಗುತ್ತಿದೆ. ಗಿಡ್ಡ ಬಂಪ್ ಸ್ಟಾಪ್ ಅಗ್ಗದಲ್ಲೇ ಸಿಗುತ್ತದೆ. ಆ ಬಡಿತವನ್ನು ನೀವೇ ವರ್ಣಿಸಿದ್ದೀರಿ, ಕಾರಣ ಬರೆದಿಲ್ಲ. ಕಾರಣ ಬರೆದರೆ ಲೇಖನದ ತೂಕವೇ ಬೇರೆಯಾಗುತ್ತದೆ. ಇನ್ನೊಂದು ಪ್ರಶ್ನೆ: ಜ್ಯಾಕ್ ಇಳಿಸಿದ ಕೂಡಲೇ ಎತ್ತರ ಅಳೆದಿರಾ, ಇಲ್ಲವೇ ಗಾಡಿಯನ್ನು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಉರುಳಿಸಿದಿರಾ? ಟೈರುಗಳು ನೆಲವನ್ನು ಕಚ್ಚಿ ಹಿಡಿದಿರುವಾಗ ಸಸ್ಪೆನ್ಷನ್ ಪೂರ್ತಿ ಕೂರುವುದಿಲ್ಲ, ಅಳತೆ ಸುಳ್ಳು ಹೇಳುತ್ತದೆ.

ಆರನೇ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಹಿಂದಿನ ಆಕ್ಸಲ್ಲಿನಿಂದ ಚಾಸಿಯ (ಗಾಡಿಯ ಚೌಕಟ್ಟಿನ) ಕಡೆಗೆ ಒಂದು ತೆಳು ಸರಳು ಹೋಗಿದೆ. ಅದು ಬ್ರೇಕಿನ ಲೋಡ್ ಸೆನ್ಸಿಂಗ್ ವಾಲ್ವಿನದು. ಹಿಂದೆ ಸರಕು ತುಂಬಿ ಚಾಸಿ ಕೆಳಗಿಳಿದಾಗ ಆ ಸರಳು ಮೇಲಕ್ಕೆ ಒತ್ತಲ್ಪಡುತ್ತದೆ, ಆಗ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ನೀವು ಮೂರು ಇಂಚು ತಗ್ಗಿಸಿದ್ದೀರಿ. ಸರಕಿನ ತೊಟ್ಟಿ ಖಾಲಿ ಇದ್ದರೂ ಆ ವಾಲ್ವಿಗೆ ಗಾಡಿ ತುಂಬಿದಂತೆಯೇ ಲೆಕ್ಕ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂಬದಿ ಒಂದು ಕಡೆಗೆ ಜಾರಿತು ಎಂದು ಕೊನೆಯ ಪುಟದಲ್ಲಿ ಬರೆದು, ಟೈರಿನ ಮೇಲೆ ದೂರು ಹಾಕಿದ್ದೀರಿ. ನನಗೆ ಈ ವಾಲ್ವಿನ ಮೇಲೆಯೇ ಅನುಮಾನ. ಗಾಡಿ ಎಷ್ಟು ತಗ್ಗಿತೋ ಅದಕ್ಕೆ ತಕ್ಕಂತೆ ಸರಳಿನ ಜೋಡಣೆಯನ್ನೂ ಸರಿಸಿ, ಬ್ರೇಕ್ ಬಲ್ಲವರಿಂದ ತಪಾಸಣೆ ಮಾಡಿಸಿ. ಆಮೇಲೆ ಈ ಸಂಗತಿಯನ್ನು ಲೇಖನದ ನಡುವಿಗೆ ತನ್ನಿ. ಬೇರೆಯವರು ಬರೆಯದೆ ಬಿಡುವ ವಿಷಯ ನಿಮ್ಮ ಕೈಗೇ ಸಿಕ್ಕಿದೆ.

ಕಾಯಿಲ್ ಸ್ಪ್ರಿಂಗ್ ಇರುವ ಗಾಡಿ ತಗ್ಗಿಸಲು ಸ್ಪ್ರಿಂಗನ್ನು ಗ್ಯಾಸ್ ಕಟಿಂಗ್ ಮಾಡಿಸಿ ಎಂಬ ಪ್ಯಾರಾವನ್ನು ಹೊಡೆದುಹಾಕಿದ್ದೇನೆ. ಬೆಂಕಿಯ ಕಾವಿಗೆ ಉಕ್ಕಿನ ಹದ ಕೆಡುತ್ತದೆ, ಸ್ಪ್ರಿಂಗ್ ಕುಸಿಯಬಹುದು, ಮುರಿಯಲೂಬಹುದು.

ಖರ್ಚಿನ ಲೆಕ್ಕ ಪ್ರಾಮಾಣಿಕವಾಗಿಲ್ಲ. ಬ್ಲಾಕುಗಳಿಗಷ್ಟೇ ದುಡ್ಡು ಹೋಯಿತು, ಮುಂಬದಿ ಪುಕ್ಕಟೆ ಎಂದಿದ್ದೀರಿ. ಎತ್ತರ ಬದಲಾದರೆ ಕ್ಯಾಂಬರ್ ಮತ್ತು ಟೋ, ಎಂದರೆ ಚಕ್ರಗಳು ವಾಲಿದ ಮತ್ತು ತಿರುಗಿದ ಕೋನಗಳು, ಬದಲಾಗುತ್ತವೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಉಳಿಸಿದ ದುಡ್ಡನ್ನು ಟೈರೇ ತಿನ್ನುತ್ತದೆ. ಹೊಸ ಯು-ಬೋಲ್ಟ್, ಅಲೈನ್‌ಮೆಂಟ್, ಬೇಕಾದರೆ ಗಿಡ್ಡ ಶಾಕ್ ಅಬ್ಸಾರ್ಬರ್, ಎಲ್ಲವನ್ನೂ ಪಟ್ಟಿಯಲ್ಲಿ ಸೇರಿಸಿ. ಆಗಲೂ ಅಂಗಡಿಯವರಿಗೆ ಕೂಲಿ ಕೊಟ್ಟು ಮಾಡಿಸುವುದಕ್ಕಿಂತ ಕಡಿಮೆಯೇ ಆಗುತ್ತದೆ, ಓದುಗರು ನಂಬುವುದೂ ಆ ಲೆಕ್ಕವನ್ನೇ.

ಲೋರೈಡರ್, ಎಂದರೆ ತಗ್ಗಿಸಿದ ಕಾರುಗಳ, ಇತಿಹಾಸದ ಮೊದಲ ಎರಡು ಪುಟ ಬೇಡ. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಅಮೆರಿಕನ್ ಹುಡುಗರು ಡಿಕ್ಕಿಯಲ್ಲಿ ಮರಳು ಮೂಟೆ ಹೇರಿ ಕಾರು ತಗ್ಗಿಸುತ್ತಿದ್ದರು ಎಂಬ ಒಂದು ಸಾಲು ಇರಲಿ, ಅದು ನಿಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಗಾಡಿಯ ಯಾವ ಭಾಗವೂ ಚಕ್ರದ ರಿಮ್‌ನ ಕೆಳ ಅಂಚಿಗಿಂತ ತಗ್ಗಿರಬಾರದೆಂಬ ಕ್ಯಾಲಿಫೋರ್ನಿಯಾದ ನಿಯಮ ಈಗಲೂ ಇದೆ ಎಂದಿದ್ದೀರಿ. 2023ರಲ್ಲಿ ಅಂಗೀಕಾರವಾದ ಕಾನೂನಿನಿಂದ ಅದು 2024ರ ಜನವರಿ 1ರಿಂದ ರದ್ದಾಗಿದೆ.

ನಮ್ಮ ಓದುಗರಲ್ಲಿ ಹೆಚ್ಚಿನವರು ಕರ್ನಾಟಕದಲ್ಲಿದ್ದಾರೆ. ಅವರಿಗಾಗಿ ಒಂದು ಎಚ್ಚರಿಕೆಯನ್ನು ಲೇಖನದ ಆರಂಭದಲ್ಲೇ ಹಾಕಬೇಕು. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಕಾನೂನಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇದಲ್ಲದೆ, ಆಕ್ಸಲ್ ಲೀಫ್ ಸ್ಪ್ರಿಂಗ್‌ನ ಕೆಳಗಿರುವ ಗಾಡಿಯಲ್ಲಿ ನೀವು ಹೇಳಿದ ಹಾಗೆ ನಡುವೆ ಬ್ಲಾಕ್ ಇಟ್ಟರೆ ಹಿಂಬದಿ ತಗ್ಗುವುದಿಲ್ಲ, ಏರುತ್ತದೆ. ನಿಮ್ಮ ಗಾಡಿಯಲ್ಲಿ ಆಕ್ಸಲ್ ಸ್ಪ್ರಿಂಗ್‌ನ ಮೇಲಿದೆ ಎಂಬುದನ್ನು ಒಂದು ಸರಳ ರೇಖಾಚಿತ್ರದಲ್ಲಿ ತೋರಿಸಿ.

ಹೊಸ ಪ್ರತಿ ಏಳೆಂಟು ಪುಟ ಮೀರದಿರಲಿ. ಅದರ ಜತೆ ಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲಿಸಿ ತೆಗೆದ ಚಿತ್ರ ಮತ್ತು ಸರಿಪಡಿಸಿದ ವಾಲ್ವ್ ಸರಳಿನ ಹತ್ತಿರದ ಚಿತ್ರ ಕಳುಹಿಸಿ. ಬ್ರೇಕ್ ತಪಾಸಣೆ ಮುಗಿಯುವವರೆಗೆ ದಯವಿಟ್ಟು ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ವಿಶ್ವಾಸದಿಂದ,
ಸಂಪಾದಕ